ಬಾಗಿಲ ಹಿಂದಿನ ಸುರುಳಿ

ಗುರುವಾರ, ಹನ್ನೆರಡನೇ ತಾರೀಕು
ಸಂಜೆ ಐದೂಕಾಲು

ಕಾರ್ಪೆಟ್ ಮೇಸ್ತ್ರಿಗಳ ಸನ್ನಿಧಾನಕ್ಕೆ ಹೊಸ ಗಿರಾಕಿಯೊಬ್ಬಳ ನಮಸ್ಕಾರಗಳು.

ಇದು ಶುದ್ಧ ವ್ಯವಹಾರದ ಪತ್ರ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ತಕರಾರು ಬೇಡ.

ಎರಡು ವರ್ಷದಿಂದ ನಾವಿಬ್ಬರೂ ಮಗಳ ಬಾಯಿಂದಲೇ ಮಾತಾಡಿಕೊಂಡು ಬಂದಿದ್ದೇವೆ. "ಅಮ್ಮಂಗೆ ಹೇಳು, ಅವಳ ಕೊಡೆ ಇಲ್ಲೇ ಇದೆ." "ಅಪ್ಪಂಗೆ ಹೇಳು, ಕೊಡೆ ಅಲ್ಲೇ ಇರಲಿ." ಹೋದ ವಾರ ನಮ್ಮ ಗುಬ್ಬಿಯೇ ಹಾಸ್ಟೆಲಿನಿಂದ ಫೋನ್ ಮಾಡಿ, "ನಾನಿಲ್ಲಿ ನರ್ಸಿಂಗ್ ಓದೋಕೆ ಬಂದಿರೋದಮ್ಮಾ, ಅಂಚೆ ಇಲಾಖೆ ಸೇರೋಕಲ್ಲ. ಇನ್ಮೇಲೆ ನಿಮ್ಮ ನಿಮ್ಮ ಟಪಾಲು ನೀವೇ ಹಾಕ್ಕೊಳ್ಳಿ" ಎಂದು ರಾಜೀನಾಮೆ ಕೊಟ್ಟಳು. ನಿಮಗೂ ಕೊಟ್ಟಿರುತ್ತಾಳೆ. ಫೋನ್ ಮಾಡೋಣವೆಂದರೆ ನಿಮ್ಮದು "ಹೂಂ", "ಆಯ್ತು", "ಇಡ್ಲಾ?" ಎಂಬ ಮೂರೇ ಪದಗಳ ಶಬ್ದಕೋಶ. ಅದಕ್ಕೇ ಈ ಕಾಗದ.

ವಿಷಯಕ್ಕೆ ಬರುತ್ತೇನೆ. ನನಗೆ ಮನೆ ಸಿಕ್ಕಿದೆ ರೀ! ಬಾಡಿಗೆಯದಲ್ಲ, ಸ್ವಂತದ್ದು. ಇಪ್ಪತ್ತೆರಡು ವರ್ಷ ಪ್ರೆಸ್ಸಿನಲ್ಲಿ ಕೂತು ಊರವರ ತಪ್ಪು ತಿದ್ದಿದವಳಿಗೆ ಕೊನೆಗೂ ಒಂದು ಒಪ್ಪು. ಮೊದಲನೇ ಮಹಡಿ, ಪೂರ್ವಕ್ಕೆ ಎರಡು ಕಿಟಕಿ, ಒಂದು ಸಣ್ಣ ಬಾಲ್ಕನಿ, ಗಲಗಲ ಎನ್ನದೆ ತೆರೆಯುವ ನಲ್ಲಿ. ಇವತ್ತು ಹನ್ನೊಂದು ಗಂಟೆಗೆ ಕೀ ಕೈಗೆ ಬಂತು. ಬಾಗಿಲು ತೆಗೆದು ಒಳಗೆ ಹೋದವಳು ಏನು ಮಾಡಿದೆ ಗೊತ್ತೇ? ಓಡಿದೆ. ನಲವತ್ತಾರು ವರ್ಷದ ಹೆಂಗಸು ಖಾಲಿ ಮನೆಯಲ್ಲಿ ಚಪ್ಪಲಿ ಸಮೇತ ಈ ಕೋಣೆಯಿಂದ ಆ ಕೋಣೆಗೆ, ಆ ಕೋಣೆಯಿಂದ ಈ ಕೋಣೆಗೆ ಓಡಿದೆ. ನಾಲ್ಕನೇ ಸುತ್ತಿಗೆ ನೆಲದ ಕೆಳಗಿನಿಂದ ಟಕ್, ಟಕ್, ಟಕ್ ಎಂದು ಶಬ್ದ ಬಂತು.

ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಮೇಲಿನವರು ಜೋರಾಗಿ ನಡೆದರೆ ತಮ್ಮ ಊರುಗೋಲಿನಿಂದ ಸೂರಿಗೆ ಬಡಿಯುತ್ತಾರೆ. ಇಡೀ ಕಟ್ಟಡ ಅವರನ್ನು ಕೋಲಜ್ಜಿ ಎಂದೇ ಕರೆಯುತ್ತದೆ. ಕ್ಷಮೆ ಕೇಳಲು ಇಳಿದು ಹೋದೆ. "ಎಷ್ಟು ಜನ ಇದೀರಿ ಮೇಲೆ?" ಎಂದರು. "ಒಬ್ಳೇ" ಎಂದೆ. "ಒಬ್ಳೇನಾ? ನಾನು ಮದುವೆ ದಿಬ್ಬಣ ಬಂತು ಅಂದ್ಕೊಂಡೆ" ಎಂದರು. ಆಮೇಲೆ ಕಟ್ಟಡದ ನಿಯಮ ತಿಳಿಸಿದರು: ಮೇಲಿನ ಮನೆಗೆ ಬಂದವರು ಹದಿನೈದು ದಿನದೊಳಗೆ ಅಡುಗೆಮನೆ, ಬಚ್ಚಲು ಬಿಟ್ಟು ಉಳಿದ ಎಲ್ಲಾ ನೆಲಕ್ಕೂ ಏನಾದರೂ ಹಾಸಲೇಬೇಕು. ಚಾಪೆ ನಡೆಯುವುದಿಲ್ಲ. ಚಾಪೆಯ ಮೇಲೆ ನಡೆದರೂ ಅವರಿಗೆ ಕೇಳುತ್ತದಂತೆ.

ಆದ್ದರಿಂದ ತಮ್ಮಲ್ಲಿ ವಿಚಾರಣೆ: ಯಾವ ಕೋಣೆಗೆ ಯಾವ ಕಾರ್ಪೆಟ್? ಮತ್ತು ತಾವು ಬಂದು ಹಾಸಿಕೊಡಲು ಸಾಧ್ಯವೇ? ತಮಗೆ ಬಿಡುವಿಲ್ಲದಿದ್ದರೆ ತೊಂದರೆಯಿಲ್ಲ, ಊರಿನಲ್ಲಿ ಬೇರೆ ಮೇಸ್ತ್ರಿಗಳಿಗೂ ನೆಲಕ್ಕೂರಲು ಮಂಡಿಗಳಿವೆ.

ಅಳತೆ ನಾನೇ ತೆಗೆದಿದ್ದೇನೆ, ಚೀಟಿ ಜೊತೆಗಿದೆ. ತೆಗೆದದ್ದು ನಿಮ್ಮ ಹಳದಿ ಟೇಪಿನಲ್ಲಿ. ಹೌದು, ಅದು ನನ್ನ ಹತ್ತಿರವೇ ಇದೆ, ಇನ್ನು ಹುಡುಕಬೇಡಿ. ಸಿಟ್ಟಿನಲ್ಲಿ ಮನೆ ಬಿಡುವ ಹೆಂಗಸರು ಒಡವೆ ಒಯ್ಯುತ್ತಾರಂತೆ, ನಾನು ಟೇಪು ಒಯ್ದೆ. ಯಾಕೆಂದು ಇವತ್ತಿಗೂ ತಿಳಿಯದು. ಅದರ ಮೊದಲ ಎರಡು ಇಂಚು ಮುರಿದು ಹೋಗಿರುವುದು ನೆನಪಿದೆ. ಪ್ರತಿ ಅಳತೆಯಲ್ಲೂ ಎರಡು ಇಂಚು ಕಳೆದೇ ಬರೆದಿದ್ದೇನೆ. ನಿಮ್ಮ ಜೊತೆ ಹತ್ತೊಂಬತ್ತು ವರ್ಷ ಇದ್ದವಳಿಗೆ ಇಷ್ಟಾದರೂ ಬರದಿದ್ದರೆ ಹೇಗೆ?

ಇಲ್ಲಿ ಒಂದು ಮಾತು. ಮೂಲಪ್ರತಿಯನ್ನು ಪೂರ್ತಿ ಓದದೆ ಕರಡು ತಿದ್ದಲು ಕೂರಬಾರದು ಎಂಬುದು ನಮ್ಮ ಪ್ರೆಸ್ಸಿನ ನಿಯಮ. ಹಾಗಾಗಿ ನಿಮಗೆ ಗೊತ್ತಿರುವುದನ್ನೇ ಒಮ್ಮೆ ಬರೆಯುತ್ತೇನೆ.

ಗುಬ್ಬಿಗೆ ಆರು ವರ್ಷವಿದ್ದಾಗ ಒಂದು ಸಂಜೆ ನೀವು ಹೆಗಲ ಮೇಲೆ ಕಾರ್ಪೆಟ್ಟಿನ ಸುರುಳಿ ಹೊತ್ತು ಬಂದಿರಿ. ಇಟ್ಟಿಗೆ ಬಣ್ಣದ ಉಣ್ಣೆ, ಅಂಚಿಗೆ ಸಣ್ಣ ಬೂದು ಗೆರೆ. "ನಮ್ಮನೆ ಹಾಲ್‌ಗೆ" ಎಂದಿರಿ. ಅವತ್ತು ನೀವು ಆಡಿದ ಅತಿ ಉದ್ದದ ವಾಕ್ಯ ಅದು. ಬಾಗಿಲ ಹಿಂದೆ ನಿಲ್ಲಿಸಿದಿರಿ. ನಾಳೆ ಹಾಸೋಣ ಎಂದಿರಿ. ಆ ನಾಳೆ ಹನ್ನೊಂದು ವರ್ಷ ಬರಲಿಲ್ಲ. ಊರಿನ ಅರ್ಧ ಮನೆಗಳಿಗೆ ನೀವು ಹಾಸಿದಿರಿ, ನಮ್ಮ ಸುರುಳಿ ಮಾತ್ರ ಮನೆಯ ನಾಲ್ಕನೇ ಸದಸ್ಯನ ಹಾಗೆ ನಿಂತೇ ಇತ್ತು. ಬಂದವರು ಅದಕ್ಕೆ ಕೊಡೆ ಒರಗಿಸಿದರು, ಗುಬ್ಬಿ ಅದರ ಹಿಂದೆ ಅಡಗಿದಳು, ನಾನು ಅದನ್ನು ಬಂದ ನೆಂಟರಿಗೆಲ್ಲ ತೋರಿಸಿ ರಾಗವಾಗಿ ಹೇಳಿದೆ: "ಬಾಗಿಲ ಹಿಂದೆ ಸುರುಳಿ, ಮೇಸ್ತ್ರಿ ನೋಡ ಹೊರಳಿ!" ಎಲ್ಲರೂ ನಕ್ಕರು. ನೀವೂ ನಗುತ್ತಿದ್ದಿರಿ ಎಂದು ನನಗೆ ನೆನಪು. ಸರಿಯಾಗಿ ನೋಡಿರಲಿಲ್ಲವೇನೋ.

ಎರಡು ವರ್ಷದ ಹಿಂದೆ ಒಂದು ಸಂಜೆ ಪ್ರೆಸ್ಸಿನಿಂದ ಬಂದರೆ ಬಾಗಿಲ ಹಿಂದೆ ಏನೂ ಇಲ್ಲ. ನೆಲದ ಮೇಲೆ ತಟ್ಟೆಯಷ್ಟಗಲ ಒಂದು ದುಂಡು ಗುರುತು, ಉಳಿದ ನೆಲಕ್ಕಿಂತ ಬೆಳ್ಳಗೆ. ಎಲ್ಲಿ ಎಂದೆ. "ಗಡಿಯಾರ ಕಂಬದ ಹಿಂದೆ, ನೀಲಿ ಗೇಟಿನ ಮನೆಗೆ ಹಾಸ್ಬಿಟ್ಟೆ. ಆಮೇಲೆ ತರೋಣ ಬಿಡು" ಎಂದಿರಿ. ಹನ್ನೊಂದು ವರ್ಷ ನಮ್ಮ ನೆಲಕ್ಕೆ ಇಳಿಯದ್ದು ಯಾರದೋ ಮನೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಹಾಸಿತ್ತು. ನಾನು ಆಡಿದ್ದೆಲ್ಲ ನೆನಪಿದೆ. ಹದಿನಾಲ್ಕು ಸಾಲಿತ್ತು, ಹದಿನಾಲ್ಕಕ್ಕೂ ಪ್ರಾಸವಿತ್ತು. ಮೂರನೇ ದಿನ ಬಟ್ಟೆ, ಪುಸ್ತಕ, ಟೇಪು ತೆಗೆದುಕೊಂಡು ಪ್ರೆಸ್ಸಿನ ಹಿಂದಿನ ಬಾಡಿಗೆ ಕೋಣೆಗೆ ಬಂದೆ.

ಇದಿಷ್ಟು ಮೂಲಪ್ರತಿ. ಈಗ ಕತ್ತಲಾಗುತ್ತಿದೆ, ಇಲ್ಲಿ ಇನ್ನೂ ಬಲ್ಬಿಲ್ಲ. ನಾಳೆ ಲಕೋಟೆ ತಂದು ಅಂಚೆಗೆ ಹಾಕುತ್ತೇನೆ.

ಶುಕ್ರವಾರ, ಮಧ್ಯಾಹ್ನ

ಲಕೋಟೆ ತರಲು ಹೋದವಳು ಕಾರ್ಪೆಟ್ ಅಂಗಡಿಗೆ ನುಗ್ಗಿದೆ. ನಿಮ್ಮ ಸಲಹೆ ಕೇಳಿ ಬರೆದ ಕಾಗದ ನಿಮಗೆ ಮುಟ್ಟುವ ಮೊದಲೇ ಸಲಹೆ ಸಿಕ್ಕಿತು. ನನ್ನ ತಾಳ್ಮೆ ನಿಮಗೆ ಗೊತ್ತೇ ಇದೆ.

ಸೇತುವೆ ಪಕ್ಕದ ಅಂಗಡಿ ಅದು, ಗಲ್ಲಾಪೆಟ್ಟಿಗೆಯ ಹಿಂದೆ ದಪ್ಪ ಕನ್ನಡಕದ ಹೆಂಗಸು. ಒಳಗೆ ಎಂಥ ಘಮ ರೀ! ಹೊಸ ಉಣ್ಣೆಯ ವಾಸನೆಗೂ ಹೊಸ ಪುಸ್ತಕದ ವಾಸನೆಗೂ ಎಲ್ಲೋ ದಾಯಾದಿ ಸಂಬಂಧವಿದೆ. ನಾನು ಹೋದಕೂಡಲೇ ನೀಲಿ ತೋರಿಸಿ, ಬೂದು ತೋರಿಸಿ ಎಂದು ಶುರು ಮಾಡಿದೆ. ಆಕೆ ಕೈ ಅಡ್ಡ ಹಿಡಿದರು. "ಬಣ್ಣ ಆಮೇಲೆ. ಆ ಕೋಣೇಲಿ ಯಾರು ನಡೀತಾರೆ, ಅದನ್ನ ಹೇಳಿ ಮೊದಲು."

ನೀವೂ ಗಿರಾಕಿಗಳನ್ನು ಹೀಗೇ ಕೇಳುತ್ತೀರಲ್ಲವೇ? ನಾನು ಅದನ್ನು ಮಾತು ತಪ್ಪಿಸುವ ಉಪಾಯ ಎಂದುಕೊಂಡಿದ್ದೆ.

ಬಾಗಿಲಿಂದ ಒಳಗೆ ಬರುವ ಓಣಿಯಲ್ಲಿ ಎಲ್ಲರೂ ನಡೆಯುತ್ತಾರೆ, ಶೂ ಸಮೇತ ಎಂದೆ. ಅಲ್ಲಿಗೆ ಗಿಡ್ಡ, ಗಟ್ಟಿ ನೈಲಾನ್, ಎಳೆಯ ತುದಿ ಕತ್ತರಿಸದೆ ಕುಣಿಕೆಯಾಗಿಯೇ ಬಿಟ್ಟದ್ದು. ಬಣ್ಣ ಕೆಸರಿನದೇ, ಕೆಸರು ಕಾಣದಿರಲಿ ಎಂದು. ನನ್ನ ಓದುವ ಕೋಣೆಗೆ ಏನು ಬೇಕು ಎಂದಾಗ ಮೆತ್ತಗಿನದು ಎಂದೆ. "ಗಾಲಿ ಕುರ್ಚಿ ಇದೆಯಾ?" ಎಂದರು. ಇದೆ ಎಂದೆ. "ಹಾಗಾದ್ರೆ ಮೆತ್ತಗಿನದು ಬೇಡ. ಕುರ್ಚಿ ಉಸುಕಲ್ಲಿ ಸಿಕ್ಕ ಗಾಡಿ ಥರ ಆಗತ್ತೆ, ನೀವು ಅಲ್ಲೇ ಕೂತು ಅಲ್ಲೇ ಮುದುಕಿ ಆಗ್ತೀರಿ." ತೆಳುವಾದ, ಬಿಗಿಯಾದ ಬೂದು ಬಣ್ಣದ್ದು ಆರಿಸಿದೆವು. ನನ್ನ ಕೆಂಪು ಪೆನ್ನು ಬಿದ್ದರೆ ಎದ್ದು ಕಾಣಬೇಕಲ್ಲ.

ಗುಬ್ಬಿಯ ಕೋಣೆಗೆ ಉಪಾಯ ಹೇಳಿದರು, ಕೇಳಿ ಕುಣಿಯುವಂತಾಯಿತು. ಒಂದೇ ಹಾಸು ಅಲ್ಲ, ಚೌಕ ಚೌಕ ತುಂಡುಗಳು. ತಿಂಗಳಿಗೊಮ್ಮೆ ಬರುವ ಮಹಾರಾಣಿ ಉಗುರಿನ ಬಣ್ಣವೋ ಚಹಾವೋ ಚೆಲ್ಲಿದರೆ ಆ ಒಂದು ಚೌಕ ಎತ್ತಿ ಬೇರೆ ಇಟ್ಟರಾಯಿತು. ಚೆಲ್ಲಿದರೆ ಚಿಂತಿಲ್ಲ, ಚೌಕಕ್ಕೆ ಕೊರತೆಯಿಲ್ಲ! ಆಮೇಲೆ ತಕ್ಷಣ ಅನ್ನಿಸಿತು: ಇದು ಹದಿಮೂರು ವರ್ಷದ ಹಿಂದೆ ಗೊತ್ತಿದ್ದರೆ?

ಇದಕ್ಕೆ ಮೂಲಪ್ರತಿಯಲ್ಲಿ ಒಂದು ತಿದ್ದುಪಡಿ ಬೇಕು. ನಿನ್ನೆ ಹನ್ನೊಂದು ವರ್ಷವನ್ನೂ ನಿಮ್ಮ ತಲೆಗೆ ಕಟ್ಟಿದ್ದೆ. ನೀವು ಸುರುಳಿ ತಂದ ಮರುದಿನವೇ ಚಾಕು, ಗೋಂದು ಎಲ್ಲ ತಂದು ಮಂಡಿಯೂರಿ ಕೂತಿದ್ದಿರಿ. "ಈಗ ಬೇಡ, ಮಗು ಶಾಯಿ ಚೆಲ್ಲತ್ತೆ" ಎಂದವಳು ನಾನು. ಮಗು ದೊಡ್ಡದಾದ ಮೇಲೆ "ಗೋಡೆಗೆ ಬಣ್ಣ ಹೊಡೆಸಿ ಆಮೇಲೆ" ಎಂದವಳೂ ನಾನು. ಬಣ್ಣ ಹೊಡೆಸಲಿಲ್ಲ. ಅಂದರೆ ಮೊದಲ ನಾಲ್ಕು ವರ್ಷ ನನ್ನವು. ನೆಂಟರಿಗೆ ಹಾಡಿ ತೋರಿಸುವಾಗ ಈ ನಾಲ್ಕು ವರ್ಷ ನನಗೆ ಪ್ರಾಸಕ್ಕೆ ಸಿಗಲಿಲ್ಲ.

ಮಲಗುವ ಕೋಣೆಯ ವಿಷಯ. "ಯಾರು ನಡೀತಾರೆ?" ಎಂದರು ಅಂಗಡಿಯಾಕೆ. "ನಾನು." "ಒಬ್ರೇನಾ?" "ಸದ್ಯಕ್ಕೆ" ಎಂದೆ. ಆಕೆ ಪುಸ್ತಕದಲ್ಲಿ 'ಇಬ್ಬರು' ಎಂದು ಬರೆದುಕೊಂಡರು. ನಾನು ತಪ್ಪು ಹುಡುಕುವ ಕಸುಬಿನವಳು, ಸುಮ್ಮನಿರಲಾದೀತೇ? ಬೆರಳಿಟ್ಟು ತೋರಿಸಿದೆ. "ಸದ್ಯಕ್ಕೆ ಅಂದವರಿಗೆಲ್ಲ ಇಬ್ಬರು ಅಂತಾನೇ ಬರಕೊಳ್ಳೋದು. ಮೂವತ್ತು ವರ್ಷದ ಅನುಭವ ನಂದು" ಎಂದರು. ಅಲ್ಲಿಗೆ ದಪ್ಪ ಉಣ್ಣೆಯದು, ಅಡಿಯಲ್ಲಿ ಫೋಮ್ ಹಾಕಿ ಹಾಸುವಂಥದ್ದು, ಒಣಹುಲ್ಲಿನ ಬಣ್ಣ. ಮಂಡಿ ನೋವಿರುವವರು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ ಬಹಳ ಹಿತವಂತೆ. ನನ್ನ ಮಂಡಿಗಳು ಚೆನ್ನಾಗಿಯೇ ಇವೆ.

ಹಾಲ್ ಮಾತ್ರ ತೀರ್ಮಾನವಾಗಲಿಲ್ಲ. ಆಕೆ ಹದಿನೇಳು ಮಾದರಿ ತೆಗೆದು ಹಾಕಿದರು. ನಾನು ಇಟ್ಟಿಗೆ ಬಣ್ಣ ಇದೆಯೇ, ಅಂಚಿಗೆ ಬೂದು ಗೆರೆ ಇರುವಂಥದ್ದು, ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. ಆಕೆ ಕನ್ನಡಕ ಇಳಿಸಿ ನನ್ನನ್ನು ನೋಡಿದರು. "ನಿಮಗೂ ಅದೇನಾ?"

ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಒಂದು ಮೊಳೆ. ಮೊಳೆಯಲ್ಲಿ ಅಂಗೈಯಷ್ಟು ಒಂದು ಕಾರ್ಪೆಟ್ ತುಂಡು. ಇಟ್ಟಿಗೆ ಬಣ್ಣ, ಬೂದು ಗೆರೆ. ತುಂಡಿಗೆ ಪಿನ್ನು ಹಾಕಿದ ಚೀಟಿಯಲ್ಲಿ, "ಇದರ ಜೋಡಿ ಸಿಕ್ಕರೆ ತಿಳಿಸುವುದು." ಸಾಲು ಎಡಗಡೆ ನೆಲದಲ್ಲಿ ಹುಟ್ಟಿ ಬಲಗಡೆ ಗುಡ್ಡ ಹತ್ತಿದೆ. ಈ ಭೂಮಿಯ ಮೇಲೆ ಹೀಗೆ ಏರುಸಾಲು ಬರೆಯುವವರು ಒಬ್ಬರೇ.

"ಯಾರದಿದು?" ಎಂದೆ, ಏನೂ ಅರಿಯದವಳ ಹಾಗೆ.

"ಒಬ್ಬ ಮೇಸ್ತ್ರಿದು. ಎರಡು ವರ್ಷದಿಂದ ತಿಂಗಳಿಗೊಂದ್ಸಲ ಬರ್ತಾನೆ. ಮಾತು ಕಮ್ಮಿ, ಮಂಡಿ ಶಬ್ದ ಜಾಸ್ತಿ. ಆ ಕಂಪನಿ ಮುಚ್ಚಿ ಎಷ್ಟೋ ವರ್ಷ ಆಯ್ತಪ್ಪಾ ಅಂದ್ರೆ ಹೂಂ ಅಂತಾನೆ, ಮುಂದಿನ ತಿಂಗಳು ಮತ್ತೆ ಬರ್ತಾನೆ. ಹೆಂಡತಿಗಂತೆ."

ನಾನು ಹಾಲ್ ಬಗ್ಗೆ ಆಮೇಲೆ ಹೇಳುತ್ತೇನೆ ಎಂದು ಹೊರಗೆ ಬಂದೆ. ಸೇತುವೆ ದಾಟಿ ನೇರ ಮನೆಗೆ ಬಂದೆ. ಲಕೋಟೆ ಮರೆತೇ ಹೋಯಿತು.

ಶನಿವಾರ, ಸಂಜೆ

ಪ್ರೆಸ್ಸಿಗೆ ಅರ್ಧ ದಿನ ರಜೆ ಹಾಕಿ ನೀಲಿ ಗೇಟಿನ ಮನೆಗೆ ಹೋಗಿದ್ದೆ. ಎದ್ದು ನಿಲ್ಲಬೇಡಿ, ಕೂತೇ ಓದಿ.

ಎರಡು ವರ್ಷ ಆ ಬೀದಿಯನ್ನು ತಪ್ಪಿಸಲೆಂದೇ ನಾನು ಗಡಿಯಾರ ಕಂಬವನ್ನು ಬಳಸಿ ಮಾರುಕಟ್ಟೆಗೆ ಹೋಗುತ್ತಿದ್ದೆ. ಚಪ್ಪಲಿ ಎರಡು ಜೊತೆ ಹೆಚ್ಚು ಸವೆದಿರಬೇಕು. ಇವತ್ತು ನೆಟ್ಟಗೆ ಹೋಗಿ ಕರೆಗಂಟೆ ಒತ್ತಿದೆ. ಆ ಮನೆಯ ಸೊಸೆ ಬಾಗಿಲು ತೆಗೆದರು. ದಾರಿಯುದ್ದಕ್ಕೂ ಹೆಣೆದಿದ್ದ ಸುಳ್ಳುಗಳೆಲ್ಲ ಬಾಗಿಲಲ್ಲೇ ಉದುರಿ, "ನಿಮ್ಮ ಹಾಲ್‌ನ ಕಾರ್ಪೆಟ್ ನೋಡ್ಬೇಕಿತ್ತು" ಎಂದೆ. ಆಕೆ ಒಳಗೆ ತಿರುಗಿ, "ಮಾವಾ, ಯಾರೋ ನಮ್ಮ ಕಾರ್ಪೆಟ್ ನೋಡೋಕೆ ಬಂದಿದಾರೆ" ಎಂದು ಕೂಗಿದರು. "ಟಿಕೆಟ್ ಇಡು, ಒಳಗೆ ಬಿಡು" ಎಂದು ಒಳಗಿನಿಂದ ಗಂಡಸಿನ ದನಿ.

ಇತ್ತು ರೀ. ಹಾಲ್ ತುಂಬ ಹಾಸಿತ್ತು. ಹನ್ನೊಂದು ವರ್ಷ ಮನೆಯಲ್ಲಿದ್ದರೂ ಅದನ್ನು ಪೂರ್ತಿ ಬಿಚ್ಚಿಕೊಂಡಂತೆ ನೋಡಿದ್ದು ಇದೇ ಮೊದಲು. ಅದು ಇಷ್ಟು ಚೆಂದ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಕಿಟಕಿಯ ಬಿಸಿಲು ಬಿದ್ದಲ್ಲಿ ಒಂದು ಬಣ್ಣ, ನೆರಳಲ್ಲಿ ಇನ್ನೊಂದು. ಚಪ್ಪಲಿ ಬಿಟ್ಟು ಕಾಲಿಟ್ಟೆ. ನನಗೆ ಅಳು ಬರಲಿಲ್ಲ, ಬಂತು ಎಂದು ಅಪ್ಪಂಗೆ ಹೇಳಬೇಡ ಗುಬ್ಬೀ. ಓ, ಈಗ ನಡುವೆ ಗುಬ್ಬಿಯಿಲ್ಲ, ನಿಮಗೆ ಬರೆಯುತ್ತಿರುವವಳು ನಾನೇ.

ಕುರ್ಚಿಯಲ್ಲಿ ಎಂಬತ್ತರ ಹತ್ತಿರದ ಯಜಮಾನರು. "ಏನಮ್ಮಾ, ಇಷ್ಟ ಆಯ್ತಾ? ಇದರದ್ದು ದೊಡ್ಡ ಕಥೆ" ಎಂದು ತಾವೇ ಶುರು ಮಾಡಿದರು. ಅವರ ಮಾತಿನಲ್ಲೇ ಬರೆಯುತ್ತೇನೆ, ಯಾಕೆಂದರೆ ನೀವು ನನಗೆ ಇದರಲ್ಲಿ ಒಂದಕ್ಷರವನ್ನೂ ಹೇಳಿರಲಿಲ್ಲ.

"ಎರಡು ವರ್ಷದ ಹಿಂದೆ ಈ ನುಣುಪು ನೆಲದಲ್ಲಿ ಜಾರಿ ಬಿದ್ದೆ. ಸೊಂಟದ ಮೂಳೆ ಎರಡು ಹೋಳು. ಆಪರೇಶನ್ ಆಗಿ ಮನೆಗೆ ಕಳಿಸೋವಾಗ ಡಾಕ್ಟರು, ಮನೇಲಿ ಕಾರ್ಪೆಟ್ ಇಲ್ದೆ ಕಾಲು ಕೆಳಗಿಡಬೇಡಿ ಅಂದ್ರು. ಬರೋ ದಿನಕ್ಕೆ ಹಾಸಿರ್ತೀನಿ ಅಂತ ಮೇಸ್ತ್ರಿ ಮಾತು ಕೊಟ್ಟಿದ್ದ. ನಾನು ಬಂದು ನೋಡ್ತೀನಿ, ಖಾಲಿ ನೆಲ! ಮಾಲು ಬಂದಿಲ್ವಂತೆ, ಇನ್ನೂ ಒಂದು ವಾರ ಆಗತ್ತಂತೆ. ನಾನು ಬಾಗಿಲಲ್ಲಿ ಊರುಗೋಲು ಹಿಡ್ಕೊಂಡು ನಿಂತಿದೀನಿ. ಒಳಗೂ ಇಲ್ಲ, ಹೊರಗೂ ಇಲ್ಲ. ಆ ಮನುಷ್ಯ ಕೈಲಿದ್ದ ಚಾಕು ಕೆಳಗಿಟ್ಟ. ಎದ್ದು ಹೋದ. ಮುಕ್ಕಾಲು ಗಂಟೆಗೆ ಹೆಗಲ ಮೇಲೆ ಇದನ್ನ ಹೊತ್ಕೊಂಡು ಬಂದ. ಯಾರದ್ದಪ್ಪಾ ಅಂದೆ. ನಮ್ಮನೇದು ಅಂದ. ಹೆಂಡ್ತಿ ಬಯ್ಯಲ್ವೇನೋ ಅಂದೆ. 'ಬಯ್ತಾಳೆ. ಪ್ರಾಸದಲ್ಲಿ ಬಯ್ತಾಳೆ, ಕೇಳೋಕೆ ಚೆನ್ನಾಗಿರತ್ತೆ' ಅಂದ."

ಇಲ್ಲಿ ನಾನು ನೀರು ಕೇಳಿದೆ. ಸೊಸೆ ತಂದುಕೊಟ್ಟರು.

"ಒಂದು ವಾರಕ್ಕೆ ಅಂತ ಹಾಸಿದ್ದು ಅವನು" ಎಂದು ಯಜಮಾನರು ಮುಂದುವರಿಸಿದರು. "ನಮ್ಮ ಮಾಲು ಬಂತು, ಬದಲಾಯಿಸ್ತೀನಿ ಅಂತ ಬಂದ. ನಾನೇ ಬಿಡಲಿಲ್ಲ. ಅಷ್ಟೊತ್ತಿಗೆ ಇದು ಕಾಲಿಗೆ ಒಗ್ಗಿತ್ತು, ಮುಟ್ಟಿದ್ರೆ ನೋಡು ಅಂತ ಕೋಲು ಎತ್ತಿದೆ. ನಿನ್ನ ಹೆಂಡ್ತಿಗೆ ನನ್ನ ಹೊಸದನ್ನ ಹಾಸು ಅಂದೆ. 'ಇರ್ಲಿ ಬಿಡಿ, ಅವಳು ಈಗ ಮನೇಲಿಲ್ಲ' ಅಂತ ಹೇಳಿ ಹೋದ."

ಒಂದು ವಾರಕ್ಕೆ! ನಾನು ಮೂರೇ ದಿನ ಕಾದದ್ದು. ನೀವು ಯಾಕೆ ಹೇಳಲಿಲ್ಲ ಎಂದು ದಾರಿಯುದ್ದಕ್ಕೂ ಬಯ್ದುಕೊಂಡು ಬಂದೆ, ಪ್ರಾಸವಿಲ್ಲದೆ. ಕಂಬದ ಹತ್ತಿರ ಬರುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದುರಾಯಿತು: ಆ ಹದಿನಾಲ್ಕು ಸಾಲುಗಳ ನಡುವೆ ಎಲ್ಲಾದರೂ ನಿಮ್ಮ ಒಂದು ವಾಕ್ಯಕ್ಕೆ ಜಾಗ ಬಿಟ್ಟಿದ್ದೆನೇ? ಪುಟ ತುಂಬ ನಾನೇ ಅಚ್ಚಾಗಿದ್ದೆ, ಅಂಚು ಕೂಡ ಬಿಟ್ಟಿರಲಿಲ್ಲ.

ಹೊರಡುವ ಮುನ್ನ ಇನ್ನೊಂದು ತಮಾಷೆ ನಡೆಯಿತು. ಯಜಮಾನರು ಎದ್ದು, ಕೋಲಿಲ್ಲದೆ, ಆ ಗೋಡೆಯಿಂದ ಈ ಗೋಡೆಗೆ ನಡೆದು ತೋರಿಸಿದರು. "ನೋಡು, ಕಾಲು ಸರಿ ಹೋಯ್ತು. ಈಗ ಕಣ್ಣಿನ ಸರದಿ. ಇಟ್ಟಿಗೆ ನೋಡಿ ನೋಡಿ ಇಟ್ಟಿಗೆ ಗೂಡಲ್ಲಿ ಇದ್ದಂಗಾಗಿದೆ. ನಂಗೆ ಹಸಿರು ಬೇಕು, ಹೂವು ಬೇಕು, ಸಿಕ್ರೆ ಒಂದು ಗಿಳಿ ಬೇಕು. ಇವಳು ಬೇಡ ಅಂತಾಳೆ." ಸೊಸೆ ಹಣೆ ಚಚ್ಚಿಕೊಂಡರು. ನಾನು ಸುಮ್ಮನೆ ಇರಬಾರದೇ? "ಕಾಲಿಗೆ ಬೆಚ್ಚನೆ ಸಾಲದು, ಕಣ್ಣಿಗೂ ಪಚ್ಚನೆ ಬೇಕು ಅನ್ನಿ" ಎಂದೆ.

ಯಜಮಾನರು ನಿಂತಲ್ಲೇ ನಿಂತರು. ನನ್ನ ಕಡೆ ಬೆರಳು ತೋರಿಸಿದರು. "ಪ್ರಾಸ! ಏ, ನೀನು ಅವನ ಹೆಂಡ್ತಿ!"

ಕಳ್ಳಿ ಸಿಕ್ಕಿಬಿದ್ದಳು. ಅಲ್ಲಿಂದ ಮುಂದೆ ಒಂದು ಗಂಟೆ ಏನು ಮಾತಾಡಿದೆವು ಎನ್ನುವುದು ಈ ವ್ಯವಹಾರದ ಪತ್ರಕ್ಕೆ ಸಂಬಂಧಿಸಿದ್ದಲ್ಲ.

ಮಂಗಳವಾರ, ಬೆಳಿಗ್ಗೆ

ಲಕೋಟೆ ಬಂದಿದೆ. ಕಾರ್ಪೆಟ್‌ಗಳೂ ಬಂದಿವೆ! ನಿನ್ನೆ ಸಂಜೆ ಅಂಗಡಿಯ ಇಬ್ಬರು ಆಳುಗಳ ಕೈಯಲ್ಲಿ ಎಲ್ಲವನ್ನೂ ಮೇಲೆ ಹೊರಿಸಿದ್ದಾಯಿತು. ಮನೆ ಈಗ ಸುರುಳಿಗಳ ಕಾಡು. ಕಾಲಿಡಲು ಜಾಗವಿಲ್ಲ, ಕೋಲಜ್ಜಿಗೆ ಬಡಿಯಲು ಕೆಲಸವಿಲ್ಲ. ಮೆಟ್ಟಿಲ ಹತ್ತಿರ ಸಿಕ್ಕಿದಾಗ "ಮನೆ ಬಿಟ್ಟು ಹೋದ್ಯಾ ಅಂದ್ಕೊಂಡೆ" ಎಂದರು, ಸ್ವಲ್ಪ ಬೇಸರದಿಂದಲೇ.

ಕೊನೆಯ ಪಟ್ಟಿ ಹೀಗಿದೆ. ಓಣಿಗೆ ಕೆಸರಿನ ಬಣ್ಣದ ಗಟ್ಟಿ ನೈಲಾನ್. ಓದುವ ಕೋಣೆಗೆ ತೆಳು ಬೂದು. ಗುಬ್ಬಿಗೆ ಚೌಕಗಳು, ಅವಳೇ ಫೋನಿನಲ್ಲಿ ನೇರಳೆ ಮತ್ತು ಹಳದಿ ಎಂದು ಹಟ ಹಿಡಿದಳು, ಚದುರಂಗದ ಮಣೆಗೆ ಕಾಮಾಲೆ ಬಂದ ಹಾಗಿರುತ್ತದೆ, ಇರಲಿ. ಮಲಗುವ ಕೋಣೆಗೆ ಒಣಹುಲ್ಲಿನ ಬಣ್ಣದ ದಪ್ಪ ಉಣ್ಣೆ. ಅಡುಗೆಮನೆಗೆ ನೀರಿನ ತೊಟ್ಟಿಯ ಮುಂದೆ ಒಂದು ರಬ್ಬರ್ ತಳದ ಕಾಲೊರಸು, ಅಷ್ಟೇ. ಹಾಲ್ ಲೆಕ್ಕದಲ್ಲಿ ಅಂಗಡಿಯಿಂದ ಕೊಂಡದ್ದು ಎಲೆ ಹಸಿರಿನ ಮೇಲೆ ಸೇರಿನ ಗಾತ್ರದ ಗುಲಾಬಿ ಹೂವುಗಳಿರುವಂಥದ್ದು. ನಾಲ್ಕು ಮೂಲೆಯಲ್ಲೂ ಒಂದೊಂದು ಗಿಳಿಯಿದೆ. ನಗಬೇಡಿ. ಅಂಗಡಿಯಾಕೆಯೇ ಎರಡು ಸಲ "ಗ್ಯಾರಂಟಿನಾ?" ಎಂದು ಕೇಳಿದರು. ಗ್ಯಾರಂಟಿ ಎಂದೆ.

ನಿಯಮದ ಪ್ರಕಾರ ಇನ್ನು ಹತ್ತು ದಿನ ಇದೆ. ಬೇರೆ ಮೇಸ್ತ್ರಿ ಬೇಕೇ ಎಂದು ಅಂಗಡಿಯಾಕೆ ಕೇಳಿದರು. ಬೇಡ, ಒಬ್ಬರಿಗೆ ಬರೆದಿದ್ದೇನೆ, ಉತ್ತರ ಕಾಯುತ್ತಿದ್ದೇನೆ ಎಂದೆ. ಬರೆದಿದ್ದೇನೆ ಎಂಬುದು ನಿಜ, ಹಾಕಿಲ್ಲ ಎಂದು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಬನ್ನಿ. ಹಾಸುವುದು ಒಂದೇ ದಿನಕ್ಕೆ ಮುಗಿಯುವುದಿಲ್ಲ ಎಂದು ನೀವು ಹೇಳಿದರೆ ನಾನು ವಾದ ಮಾಡುವುದಿಲ್ಲ. ನೀವು ಮಾತಾಡುವಾಗ ನಡುವೆ ಪ್ರಾಸ ಹಾಕುವುದಿಲ್ಲ. ಇದೊಂದು ಪ್ರಯತ್ನ, ಪ್ರತಿಜ್ಞೆಯಲ್ಲ. ಬರದಿದ್ದರೆ ಬರುವುದಿಲ್ಲ ಎಂದಾದರೂ ಒಂದು ಸಾಲು ಬರೆಯಿರಿ, ಗುಡ್ಡ ಹತ್ತುವ ಸಾಲಾದರೂ ಸರಿ.

ಇಂತಿ,
ತಮ್ಮ ಗಿರಾಕಿ
(ಈ ಪದ ಕರಡಿನಲ್ಲಿರುವುದು. ಅಚ್ಚಿಗೆ ಹೋಗುವ ಮೊದಲು ತಿದ್ದಬಹುದು.)

ಮರೆತ ಮಾತು: ಗಿಳಿಗಳು ನನ್ನ ಮನೆಯಲ್ಲಿಲ್ಲ. ನಿನ್ನೆಯೇ ನೀಲಿ ಗೇಟಿನ ಮನೆಗೆ ಹಾರಿದವು, ಯಜಮಾನರು ಅವುಗಳ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಾರಂತೆ. ಅವುಗಳ ಬದಲಿಗೆ ಅಲ್ಲಿಂದ ಬಂದದ್ದು ಈಗ ನನ್ನ ಹಾಲ್‌ನಲ್ಲಿ ಬಾಗಿಲ ಹಿಂದೆ ಸುರುಳಿಯಾಗಿ ನಿಂತಿದೆ. ಹಳೆಯ ಅಭ್ಯಾಸ, ನನ್ನ ಹೊಸ ಕೊಡೆಯನ್ನು ಅದಕ್ಕೇ ಒರಗಿಸಿದೆ. ಅಂದಹಾಗೆ ಆಳುಗಳು ಸುತ್ತುವಾಗ ಅದರ ಬೆನ್ನು ನೋಡಿದೆ. ನೀವು ಪ್ರತಿ ಹಾಸಿನ ಹಿಂದೆ ಯಾರ ಮನೆ, ಯಾವ ಕೋಣೆ ಎಂದು ಮಸಿಯಲ್ಲಿ ಬರೆಯುತ್ತೀರಲ್ಲ, ಇದರಲ್ಲೂ ಇದೆ. ಮೇಲೆ ಮಾಸಿದ ಅಕ್ಷರದಲ್ಲಿ "ನಮ್ಮನೆ. ಹಾಲ್." ಅದರ ಕೆಳಗೆ, ಹೊಸ ಮಸಿಯಲ್ಲಿ, ಗುಡ್ಡ ಹತ್ತುವ ಸಾಲು: "ವಾಪಸ್ ತರುವುದು." ಎರಡು ಸಲ ಓದಿದೆ, ಕೆಂಪು ಪೆನ್ನು ಕೈಯಲ್ಲೇ ಇತ್ತು. ತಿದ್ದುವಂಥದ್ದೇನೂ ಸಿಗಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಅಂಗೈಯಷ್ಟು ಜಾಗ ಖಾಲಿಯಿದೆ, ಅವರ ಮನೆಯ ಕಂಬಕ್ಕೆ ಕತ್ತರಿಸಿದ್ದಂತೆ. ಬರುವಾಗ ಅಂಗಡಿಯ ಮೊಳೆಯಿಂದ ಆ ತುಂಡು ಬಿಡಿಸಿಕೊಂಡು ಬನ್ನಿ.